ಐಟಿಐನಲ್ಲಿ ವೈರಿಂಗ್ ಬಿಟ್ಟು ಓಮ್ಸ್ ಲಾ, ಸೇಫ್ಟಿ ಅಂತ ಯಾಕೆ ಕೂರಿಸ್ತಾರೆ?

ನಿಮ್ಮ ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಸೇರಿ ಎರಡು ತಿಂಗಳಾಯ್ತು, ಇನ್ನೂ ಸೇಫ್ಟಿ ಮತ್ತು ಸೀರೀಸ್-ಪ್ಯಾರಲಲ್ ಲೆಕ್ಕದಲ್ಲೇ ಇದ್ದೇವೆ, ಹೊರಗೆ ಕೆಲಸ ಮಾಡೋರು ಯಾರೂ ಲೆಕ್ಕ ಹಾಕೋದು ಕಾಣೆ, ಇದೆಲ್ಲ ನಿಜಕ್ಕೂ ಬೇಕಾ?

ಬೇಕು ಮಾರಾಯ್ರೆ. ನಾನು ಮೂಡಿಗೆರೆ ಕಡೆಯವನು, ತೋಟದ ವೈರಿಂಗು, ಪಂಪ್‌ಸೆಟ್ಟು ನನ್ನ ಹೊಟ್ಟೆಪಾಡು. ಲೆಕ್ಕ ಗೊತ್ತಿಲ್ಲದೆ ಕೈಗೆ ಪ್ಲೈಯರ್ ತಗೊಂಡವರಲ್ಲಿ ನಾನೂ ಒಬ್ಬ.

ಹೆಲ್ಪರ್ ಆಗಿದ್ದ ಕಾಲ. ಆಷಾಢದ ಮಳೆ. ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆ) ಬಲ್ಬ್ ಉರೀತಿಲ್ಲ ಅಂತ ಕರೆದರು. ಸಾಕೆಟ್ಟಿಗೆ ಟೆಸ್ಟರ್ ಇಟ್ಟರೆ ಎರಡೂ ತೂತಲ್ಲಿ ಉರೀತಿದೆ! ಟೆಸ್ಟರೇ ಕೆಟ್ಟಿರಬೇಕು ಅಂದುಕೊಂಡೆ. ಬಲ್ಬೇ ಉರೀತಿಲ್ಲ, ಕರೆಂಟೆಲ್ಲಿಂದ ಬರುತ್ತೆ, ಅದೂ ಕರೆಂಟ್ ವಾಪಸ್ ಹೋಗೋ ವೈರಾದ ನ್ಯೂಟ್ರಲ್‌ನಲ್ಲಿ ಅಂತ ಮೇನ್ ತೆಗೆಯದೆ ಕಪ್ಪು ವೈರಿಗೆ ಕೈ ಹಾಕಿದೆ. ಬರಿಗಾಲು, ಒದ್ದೆ ನೆಲ. ಹಿಂದಕ್ಕೆ ಬಿದ್ದದ್ದೇ ಪುಣ್ಯ, ವೈರ್ ಕೈಯಿಂದ ತಪ್ಪಿತು.

ಆಗಿದ್ದಿಷ್ಟು. ಹೊರಗೆ ಮೀಟರ್ ಹತ್ತಿರ ನ್ಯೂಟ್ರಲ್ ವೈರ್ ಬಿಟ್ಟುಹೋಗಿತ್ತು. ಬಲ್ಬಿನ ಸ್ವಿಚ್ ಆನ್ ಇತ್ತು. ಸರ್ಕ್ಯೂಟ್ ಪೂರ್ತಿ ಇಲ್ಲದಿದ್ದರೆ ಕರೆಂಟ್ ಹರಿಯಲ್ಲ. ಹರಿಯದಿದ್ದರೆ ಬಲ್ಬಿನಲ್ಲಿ ವೋಲ್ಟೇಜ್ ಕಳೆಯಲ್ಲ, ಯಾಕಂದ್ರೆ ಓಮ್ಸ್ ಲಾ ಪ್ರಕಾರ ವೋಲ್ಟೇಜ್ (V) ಅಂದ್ರೆ ಕರೆಂಟ್ (I) ಗುಣಿಸು ತಡೆ (R, ಓಮ್‌ನಲ್ಲಿ), ಸೊನ್ನೆಗೆ ಯಾವ ಓಮ್ ಗುಣಿಸಿದರೂ ಸೊನ್ನೆಯೇ. ಹಾಗಾಗಿ ಫೇಸಿನ (ಕರೆಂಟ್ ಬರೋ ವೈರಿನ) 230 ವೋಲ್ಟ್ ಬಲ್ಬ್ ದಾಟಿ ಕಪ್ಪು ವೈರಿನ ತುದೀಲಿ ಕಾಯ್ತಾ ಕೂತಿತ್ತು. ಮುಟ್ಟಿದವನು ನಾನು, ಸರ್ಕ್ಯೂಟ್ ಪೂರ್ತಿ ಆಯ್ತು. ನೀವು ಬೇಜಾರಾಗಿ ಬರೀತಿರೋ ಆ V = IR ನನಗೆ ಗೊತ್ತಿದ್ದಿದ್ದರೆ, ಟೆಸ್ಟರ್ ಎರಡು ತೂತಲ್ಲಿ ಉರಿದಾಗಲೇ ನ್ಯೂಟ್ರಲ್ ಬಿಟ್ಟಿದೆ ಅಂತ ಹೊಳೀತಿತ್ತು.

ಇನ್ನು ಮೈ ಎಷ್ಟು ಓಮ್? ಬ್ಯಾಟರಿ ಮಲ್ಟಿಮೀಟರಿನ ಎರಡು ಕಡ್ಡಿ ಎರಡು ಕೈಯಲ್ಲಿ ಹಿಡಿದು ನೋಡಿ, ಲಕ್ಷಗಟ್ಟಲೆ ತೋರಿಸಬಹುದು. ಬೆರಳು ಒದ್ದೆ ಮಾಡಿ ಹಿಡೀರಿ, ಇಳಿಯುತ್ತೆ. ಆದರೆ ಒಣ ಕೈಯ ಅಂಕಿ ನಂಬಿ ಧೈರ್ಯ ತಗೋಬೇಡಿ, 230 ವೋಲ್ಟಿಗೆ ಚರ್ಮದ ತಡೆ ನಿಲ್ಲಲ್ಲ. ಸುಮಾರು 1,000 ಓಮ್ ಅಂತ ಹಿಡಿದರೆ 230 ಮಿಲಿಆಂಪ್, ಅಂದ್ರೆ 0.23 ಆಂಪ್. ಹತ್ತು-ಹದಿನೈದು ಮಿಲಿಆಂಪಿಗೇ ಹಿಡಿದ ಕೈ ಬಿಡಿಸಿಕೊಳ್ಳೋಕೆ ಆಗಲ್ಲ.

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್) ಹಾಕಿದ್ದೀವಲ್ಲ ಅಂತಾರೆ. 6 ಆಂಪಿನ ಎಂಸಿಬಿಗೆ 0.23 ಆಂಪ್ ಒಂದು ಲೆಕ್ಕವೇ ಅಲ್ಲ, ನೀವು ಒದ್ದಾಡ್ತಿದ್ದರೂ ಅದು ಆರಾಮಾಗಿರುತ್ತೆ. ಅದು ಇರೋದು ವೈರ್ ಸುಡದಿರಲಿ ಅಂತ. ಮನುಷ್ಯನಿಗಾಗಿ ಇರೋದು 30 ಮಿಲಿಆಂಪಿನ ಆರ್‌ಸಿಸಿಬಿ: ಫೇಸಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಹೋಲಿಸುತ್ತೆ, ಸೋರಿದ್ದು ಹೆಚ್ಚಾದರೆ ಕಟ್. ಅದನ್ನೂ ದೇವರು ಅಂದುಕೋಬೇಡಿ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ರಬ್ಬರ್ ಮ್ಯಾಟ್ ಮೇಲೆ ನಿಂತರೆ ಹೋದದ್ದೆಲ್ಲ ವಾಪಸ್ ಬರುತ್ತೆ, ಅದರ ಪಾಲಿಗೆ ನೀವೂ ಒಂದು ಬಲ್ಬು.

ಶಾಪ್ ಫ್ಲೋರಿನ ಮಿಕ್ಕ ಮಾತು ಮೇಷ್ಟ್ರು ಹೇಳಿಯೇ ಇರ್ತಾರೆ: ಉಂಗುರ, ಕಡಗ, ಮಣಿಕಟ್ಟಿನ ದಾರ ತೆಗೆಯೋದು, ಡ್ರಿಲ್ಲಿಂಗ್ ಮಷೀನಿಗೆ ಗ್ಲೌಸ್ ಹಾಕದಿರೋದು (ತಿರುಗೋದು ಗ್ಲೌಸಿನ ಜೊತೆ ಕೈಯನ್ನೂ ಎಳಕೊಳ್ಳುತ್ತೆ), ಕರೆಂಟಿನ ಬೆಂಕಿಗೆ ನೀರು ಎರಚದಿರೋದು. ಎರಡು ನಾನು ಸೇರಿಸ್ತೀನಿ. ಕರೆಂಟ್ ಕಟ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಲ್ಲೇ ಇಟ್ಕೊಳ್ಳಿ, ಇಲ್ಲಾಂದ್ರೆ ಯಾರೋ ಪುಣ್ಯಾತ್ಮ 'ಇದ್ಯಾಕೆ ಆಫ್ ಆಗಿದೆ' ಅಂತ ಹಾಕೇಬಿಡ್ತಾನೆ. ಆಮೇಲೆ, ಕರೆಂಟ್ ಇರೋ ಕಡೆ ಟೆಸ್ಟರ್ ಉರಿಯುತ್ತಾ ನೋಡಿ, ಕೆಲಸದ ವೈರಿಗೆ ಹಿಡಿದು, ಮತ್ತೆ ಕರೆಂಟ್ ಇರೋ ಕಡೆ ಹಿಡಿದು ನೋಡಿ. ಒಣ ಮರದ ಸ್ಟೂಲ್ ಮೇಲೆ ನಿಂತರೆ ಟೆಸ್ಟರ್ ಉರಿಯದೆಯೂ ಇರಬಹುದು, ಅದಕ್ಕೂ ನಿಮ್ಮ ಮೈಯೇ ದಾರಿ ತಾನೇ.

ನಮ್ಮ ಕಡೆ ಕೆಲಸಕ್ಕೆ ಬರೋದಾದರೆ ಏಣಿಯ ಮಾತೂ ಇರಲಿ. ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿ ಎತ್ತುವಾಗ ತೋಟದ ಮೇಲೆ ಹೋಗೋ 11,000 ವೋಲ್ಟಿನ ಲೈನಿಗೆ ತಗುಲಿ ಜೀವ ಹೋದದ್ದು ಪೇಪರಲ್ಲಿ ಓದಿಯೇ ಇರ್ತೀರಿ. ಅಲ್ಲಿ ಒಣಕೋಲು ಹಿಡಿದು ಬಿಡಿಸೋಕೆ ಹೋಗಬಾರದು. ಲೈನ್ ಆಫ್ ಆಗೋವರೆಗೆ ದೂರ ನಿಲ್ಲಬೇಕು.

ನಾಳೆ ಲ್ಯಾಬಲ್ಲಿ ಮೇಷ್ಟ್ರ ಎದುರಿಗೇ ಇದೊಂದು ಮಾಡಿ. ಎರಡು 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಸೀರೀಸಲ್ಲಿ (ಒಂದರ ಹಿಂದೆ ಒಂದು) ಹಾಕಿ ಅಳೆಯಿರಿ, ಒಂದೊಂದಕ್ಕೆ ಸುಮಾರು 115 ವೋಲ್ಟ್ ಬರುತ್ತೆ. ಮೇನ್ ತೆಗೆದು ಒಂದು ಬಲ್ಬ್ ಬಿಚ್ಚಿ, ಮತ್ತೆ ಆನ್ ಮಾಡಿ ಆ ಖಾಲಿ ಹೋಲ್ಡರಿಗೆ ಮೀಟರ್ ಹಿಡೀರಿ. ಒಂದೂ ಬಲ್ಬ್ ಉರಿಯಲ್ಲ, ಮೀಟರ್ ಮಾತ್ರ ಪೂರ್ತಿ 230 ತೋರಿಸುತ್ತೆ. ಅವತ್ತು ಲೈನ್ ಮನೆಯಲ್ಲಿ ನನ್ನ ಕೈ ಇದ್ದದ್ದು ಆ ಖಾಲಿ ಹೋಲ್ಡರಿನ ಜಾಗದಲ್ಲಿ.