ಹಡಗನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ?

ಪ್ರಶ್ನೆ: ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಕಳಿಸುವಾಗ ಲಾರಿಯನ್ನು ವೇಬ್ರಿಡ್ಜ್ ಹತ್ತಿಸಿ ತೂಕ ಬರೆಸುತ್ತೇವೆ. ಮಂಗಳೂರಿನ ಪಣಂಬೂರು ಬಂದರಿನಲ್ಲಿ ನಿಂತಿದ್ದ ಹಡಗು ನೋಡಿದಾಗಿನಿಂದ ಒಂದೇ ಯೋಚನೆ: ಅದನ್ನು ತೂಗುವುದು ಹೇಗೆ? ಒಂದೇ ಹಡಗಿಗೆ ಒಂದು ಕಡೆ 75 ಸಾವಿರ ಟನ್, ಇನ್ನೊಂದು ಕಡೆ 40 ಸಾವಿರ ಅಂತ ಓದಿದೆ. ಯಾವುದು ಸರಿ?
– ಕಾಫಿ ಬೆಳೆಗಾರರೊಬ್ಬರು, ಆಲ್ದೂರು

ಉತ್ತರ: ಎರಡೂ ಸರಿ. 75 ಸಾವಿರ ಅನ್ನುವುದು ಡೆಡ್‌ವೇಟ್, ಅಂದರೆ ಹಡಗು ಹೊರಬಲ್ಲ ತೂಕ. ಸರಕಿನ ಜೊತೆಗೆ ಇಂಧನದ ಎಣ್ಣೆ, ಕುಡಿಯುವ ನೀರು, ದಿನಸಿ, ಸಿಬ್ಬಂದಿ ಎಲ್ಲ ಅದರೊಳಗೇ ಬಂತು. 40 ಸಾವಿರ ಅನ್ನುವುದು ಗ್ರಾಸ್ ಟನೇಜ್. ಅದು ತೂಕವೇ ಅಲ್ಲ, ಹಡಗಿನ ಒಳಗಿನ ಜಾಗದ ಅಳತೆ. 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರದಿಂದ ಅದನ್ನು ಲೆಕ್ಕ ಹಾಕುತ್ತಾರೆ. ಬಂದರಿನ ಶುಲ್ಕಗಳು ಬಹುಪಾಲು ಇದರ ಮೇಲೆ ನಿಲ್ಲುತ್ತವೆ.

ತೂಗುವ ವಿಷಯಕ್ಕೆ ಬರೋಣ. ನಾನು ಮೂಡಿಗೆರೆಯವನು. ಪಣಂಬೂರಿನಲ್ಲಿ ಹಡಗಿನ ಸರಕು ತೂಗುವ ಈ ಕೆಲಸ ಕಲಿತದ್ದು ನಮ್ಮ ಜಿಲ್ಲೆಯ ಅದಿರಿನ ಮೇಲೇ. ಕುದುರೆಮುಖದ ಕಬ್ಬಿಣದ ಅದಿರಿನ ಪುಡಿ ನೀರಿನಲ್ಲಿ ಕಲಸಿಕೊಂಡು ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಬರುತ್ತಿತ್ತು. ಅಲ್ಲಿ ನೀರು ಸೋಸಿ ಹಡಗಿಗೆ ತುಂಬುತ್ತಿದ್ದರು. 2005ರ ಕೊನೆಗೆ ಗಣಿ ನಿಂತಿತು.

ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಸರಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಲ್ಲ, ಹಡಗಿನ ತಕ್ಕಡಿ ಅದೇ. ಮುಂದೆ, ನಡುವೆ, ಹಿಂದೆ, ಎರಡೂ ಬದಿಗೆ ಸೇರಿ ಆರು ಕಡೆ ಆಳದ ಅಂಕಿ ಬರೆದಿರುತ್ತದೆ. ನೀರು ಎಷ್ಟಕ್ಕೆ ಮುಟ್ಟಿದೆ ಎಂದು ಸಣ್ಣ ದೋಣಿಯಲ್ಲಿ ಸುತ್ತಿ ಓದಬೇಕು. ಅಲೆ ಏಳುತ್ತಿದ್ದರೆ ಏರಿಳಿತ ನೋಡುತ್ತ ತಾಳ್ಮೆಯಿಂದ ಸರಾಸರಿ ಹಿಡಿಯಬೇಕು. ಭಾರಕ್ಕೆ ಹಡಗಿನ ನಡು ಸ್ವಲ್ಪ ಬಾಗುತ್ತದೆ. ಆದ್ದರಿಂದ ಮುಂದಿನ ಓದಿಗೆ ಒಂದು ಪಾಲು, ಹಿಂದಿನದಕ್ಕೆ ಒಂದು, ನಡುವಿನದಕ್ಕೆ ಆರು ಪಾಲು ಕೊಟ್ಟು ಎಂಟರಿಂದ ಭಾಗಿಸುತ್ತೇವೆ. ಆ ಆಳಕ್ಕೆ ಎಷ್ಟು ಟನ್ ಎಂಬುದು ಹಡಗು ಕಟ್ಟಿದವರು ಕೊಟ್ಟ ಕೋಷ್ಟಕದಲ್ಲಿ ಸಿಗುತ್ತದೆ. ತುಂಬುವ ಮೊದಲೊಮ್ಮೆ, ತುಂಬಿದ ಮೇಲೊಮ್ಮೆ ಓದಿ ವ್ಯತ್ಯಾಸ ತೆಗೆದರೆ ಸರಕಿನ ತೂಕ ಸಿಗುತ್ತದೆ. ಹಡಗು ಮುಳುಗಿದ ಆಳಕ್ಕೆ ಡ್ರಾಫ್ಟ್ ಎನ್ನುತ್ತಾರೆ, ಇದೇ ಡ್ರಾಫ್ಟ್ ಸರ್ವೆ.

ಕೇಳಲು ಸುಲಭ. ಆದರೆ 225 ಮೀಟರ್ ಉದ್ದ, 32 ಮೀಟರ್ ಅಗಲದ ನಿಮ್ಮ 75 ಸಾವಿರ ಟನ್ನಿನ ಹಡಗು ಒಂದು ಸೆಂಟಿಮೀಟರ್ ಮುಳುಗಲು ಸುಮಾರು 65 ಟನ್ ಬೇಕು. ಒಂದು ಸೆಂಟಿಮೀಟರ್ ತಪ್ಪಿ ಓದಿದರೆ, 60 ಕೆಜಿಯ ಸಾವಿರಕ್ಕೂ ಹೆಚ್ಚು ಕಾಫಿ ಚೀಲದಷ್ಟು ತೂಕ ಲೆಕ್ಕ ತಪ್ಪಿತು! ನೀರಿನ ಸಾಂದ್ರತೆಯೂ ಮುಖ್ಯ. ಉಪ್ಪುನೀರಿನದು 1.025, ಸಿಹಿನೀರಿನದು 1. ಮಳೆನೀರು ಬೆರೆತು 1.015ಕ್ಕೆ ಇಳಿದಿದ್ದನ್ನು ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟು ನೋಡದಿದ್ದರೆ ಎಂಟುನೂರು ಟನ್ನಿಗೂ ಮೇಲೆ ವ್ಯತ್ಯಾಸ. ಖಾಲಿ ಹಡಗು ಸ್ಥಿರವಾಗಿರಲು ತುಂಬಿಕೊಂಡಿರುವ ಬ್ಯಾಲಾಸ್ಟ್ ನೀರನ್ನೂ ಟ್ಯಾಂಕ್ ಟ್ಯಾಂಕಿಗೆ ಟೇಪು ಇಳಿಬಿಟ್ಟು ಅಳೆದು ಕಳೆಯಬೇಕು. ಅದಿರಿನ ತೇವವನ್ನು ಪ್ರಯೋಗಾಲಯ ಬೇರೆ ಲೆಕ್ಕ ಹಾಕುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಅರ್ಧ ಪ್ರತಿಶತದಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ಹಡಗಿನ ಬದಿಯಲ್ಲಿ ವೃತ್ತವೊಂದು, ಅದರ ನಡುವೆ ಗೆರೆ ಕಂಡಿದ್ದರೆ ಅದರ ಬಗ್ಗೆಯೂ ಹೇಳಬೇಕು. ಮಿತಿಮೀರಿ ಸರಕು ಹೇರಿ ನಾವಿಕರನ್ನು ಸಾವಿಗೆ ದೂಡುತ್ತಿದ್ದ ಕಾಲದಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಬ್ರಿಟಿಷ್ ಸಂಸದ ಹಟ ಹಿಡಿದು ಹೋರಾಡಿದರು. 1876ರ ಕಾಯ್ದೆ ಆ ಗುರುತನ್ನು ಕಡ್ಡಾಯ ಮಾಡಿತು. ಪಕ್ಕದ ಸಣ್ಣ ಗೆರೆಗಳು ಬೇಸಿಗೆ, ಚಳಿಗಾಲ, ಉಷ್ಣವಲಯ, ಸಿಹಿನೀರು ಇವಕ್ಕೆ ತಕ್ಕ ಮಿತಿಗಳು. ಬಂದರಿನ ಎಲ್ಲ ಲೆಕ್ಕಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು ಈ ಗೆರೆಯೇ. ಉಳಿದವು ದುಡ್ಡಿನ ಲೆಕ್ಕ, ಇದು ಜೀವದ ಲೆಕ್ಕ.

ಪ್ರಶ್ನೆ: ನಮ್ಮ ಕಾಫಿ ಕಂಟೈನರಿನಲ್ಲಿ ಹೋಗುತ್ತದಲ್ಲ, ಅದಕ್ಕೂ ಹೀಗೇನಾ?
– ಪಿಯುಸಿ ವಿದ್ಯಾರ್ಥಿನಿ, ಸಕಲೇಶಪುರ

ಉತ್ತರ: ಇಲ್ಲಮ್ಮ. 20 ಅಡಿ ಕಂಟೈನರಿಗೆ 60 ಕೆಜಿಯ ಸುಮಾರು 320 ಚೀಲ ಹಿಡಿಯುತ್ತದೆ, ಅಂದರೆ 19 ಟನ್ ಚಿಲ್ಲರೆ. ಅದನ್ನು ವೇಬ್ರಿಡ್ಜ್‌ನಲ್ಲೇ ತೂಗಬಹುದು. ಚೀಲ, ಪ್ಯಾಕಿಂಗ್ ಎಲ್ಲ ತೂಗಿ ಖಾಲಿ ಕಂಟೈನರಿನ ತೂಕ ಕೂಡಿಸಿದರೂ ನಡೆಯುತ್ತದೆ. ತಪ್ಪು ತೂಕ ಬರೆಸಿದ ಪೆಟ್ಟಿಗೆಗಳಿಂದ ಅಪಘಾತಗಳಾದ ಕಾರಣ, 2016ರ ಜುಲೈ 1ರಿಂದ ಖಚಿತಪಡಿಸಿದ ಒಟ್ಟು ತೂಕದ ಪತ್ರವಿಲ್ಲದೆ ಕಂಟೈನರನ್ನು ಹಡಗಿಗೆ ಏರಿಸುವಂತಿಲ್ಲ. ಅದನ್ನು ಕೊಡುವ ಹೊಣೆ ಸರಕು ಕಳಿಸುವವರದೇ.