ಸಾಲು ಮೀರುವ ಸಮೀಕರಣವನ್ನು ಎಲ್ಲಿ ಮುರಿಯಬೇಕು?

ಪ್ರಶ್ನೆ: ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಗಣಿತದ ಬರಹವನ್ನು ಅಚ್ಚುಕಟ್ಟಾಗಿ ಅಚ್ಚಿಗೆ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ಟಿಪ್ಪಣಿ ಸಿದ್ಧಪಡಿಸುವಾಗ ಉದ್ದದ ಸಮೀಕರಣಗಳು ಪುಟದ ಅಂಚನ್ನು ದಾಟಿಹೋಗುತ್ತವೆ. ಅಕ್ಷರದ ಗಾತ್ರವನ್ನು ಕುಗ್ಗಿಸಬಹುದೇ?
– ಓದುಗರೊಬ್ಬರು, ತಿಪಟೂರು, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಕುಗ್ಗಿಸಬೇಡಿ. ಘಾತಾಂಕಗಳು ಮೊದಲೇ ಚಿಕ್ಕವಾಗಿರುವುದರಿಂದ ವಿದ್ಯಾರ್ಥಿಗಳ ಕೈಸೇರುವ ಜೆರಾಕ್ಸ್ ಪ್ರತಿಯಲ್ಲಿ ಅವು ಓದಲಾಗದಂತಾಗುತ್ತವೆ. ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ಅವರು ರೂಪಿಸಿದ, ಲೇಟೆಕ್‌ಗೆ ಆಧಾರವಾಗಿರುವ ಟೆಕ್ ತಂತ್ರಾಂಶವು ಪ್ಯಾರಾದೊಳಗಿನ ಸೂತ್ರವನ್ನು ತಾನೇ ಮುರಿಯಬಲ್ಲದಾದರೂ, ಪ್ರತ್ಯೇಕವಾಗಿ ನಿಲ್ಲಿಸಿದ ಸಮೀಕರಣವನ್ನು ಮುರಿಯುವ ಹೊಣೆಯನ್ನು ಬರೆಯುವವರಿಗೇ ಬಿಡುತ್ತದೆ. ಅರ್ಥ ಎಲ್ಲಿ ತುಂಡಾಗಬಾರದೆಂಬುದನ್ನು ಅವರೇ ಬಲ್ಲರಾದ್ದರಿಂದ ಇದು ಸರಿಯಾದ ಏರ್ಪಾಡೆಂದೇ ನನ್ನ ಅಭಿಪ್ರಾಯ.

ಸಮಚಿಹ್ನೆಯ ಅಥವಾ ಕೂಡುವ, ಕಳೆಯುವ ಚಿಹ್ನೆಯ ಮೊದಲು ಮುರಿಯಿರಿ. ಚಿಹ್ನೆಯು ಹೊಸ ಸಾಲಿನ ಆರಂಭದಲ್ಲಿದ್ದರೆ, ಅದು ಹಿಂದಿನ ಸಾಲಿನ ಮುಂದುವರಿಕೆಯೆಂದು ಓದುವವರಿಗೆ ತಕ್ಷಣ ತಿಳಿಯುತ್ತದೆ. ಆವರಣದ ಒಳಗೆ ಮುರಿಯುವುದನ್ನು ಆದಷ್ಟು ತಪ್ಪಿಸಿ.

ಲೇಟೆಕ್‌ಗೆ ಗಣಿತದ ಹೆಚ್ಚುವರಿ ಆದೇಶಗಳನ್ನು ಒದಗಿಸುವ ಎಎಂಎಸ್‌ಮ್ಯಾತ್ ಪ್ಯಾಕೇಜನ್ನು ಸೇರಿಸಿಕೊಂಡರೆ ಕೆಲಸ ಸುಲಭ. ಹಲವು ಹಂತಗಳ ಸಮಚಿಹ್ನೆಗಳು ಒಂದರ ಕೆಳಗೊಂದು ಬರಬೇಕಾದರೆ ‘ಅಲೈನ್’ ಬಳಸಿ; ಇಡೀ ಸಮೀಕರಣಕ್ಕೆ ಒಂದೇ ಸಂಖ್ಯೆ ಸಾಕಾದರೆ ‘ಈಕ್ವೇಷನ್’ ಒಳಗೆ ‘ಸ್ಪ್ಲಿಟ್’ ಇಡಿ. ಹೊಂದಿಸಲು ಸಮಚಿಹ್ನೆಯೇ ಇಲ್ಲದ ಉದ್ದದ ಮೊತ್ತಕ್ಕೆ ‘ಮಲ್ಟ್‌ಲೈನ್’ ಸೂಕ್ತ. ಅದು ಮೊದಲ ಸಾಲನ್ನು ಎಡಕ್ಕೂ ಕೊನೆಯದನ್ನು ಬಲಕ್ಕೂ ಸರಿಸುತ್ತದೆ. ಹಳೆಯ ‘ಈಕ್ಯೂಎನ್‌ಅರೇ’ ಸಮಚಿಹ್ನೆಯ ಇಕ್ಕೆಲಗಳಲ್ಲಿ ಹೆಚ್ಚಿನ ಅಂತರ ಬಿಡುವುದರಿಂದ ಅದನ್ನು ಕೈಬಿಡಿ.

ಒಂದು ಎಚ್ಚರಿಕೆ: ಆವರಣದ ಗಾತ್ರವನ್ನು ತಾವೇ ಹೊಂದಿಸುವ ‘ಲೆಫ್ಟ್’, ‘ರೈಟ್’ ಆದೇಶಗಳ ಜೋಡಿಯು ಒಂದೇ ಸಾಲಿನಲ್ಲಿ ಮುಗಿಯಬೇಕು. ಆವರಣವು ಮುಂದಿನ ಸಾಲಿಗೆ ಹರಿಯುವುದು ಅನಿವಾರ್ಯವಾದಲ್ಲಿ ‘ಬಿಗ್’ ಬಗೆಯ ಆದೇಶಗಳಿಂದ ಎರಡೂ ಕಡೆಯ ಗಾತ್ರವನ್ನು ನೀವೇ ನಿಗದಿಪಡಿಸಿ.