ಬಾಯಿಪಾಠವಾಗಿದ್ದ ಹಾಡು ಎದುರಿಗೆ ನಿಂತಾಗ ಕೇಳಿಸಲಿಲ್ಲವೇಕೆ?

ಪ್ರಶ್ನೆ: ಕಾರವಾರದ ನಾಲ್ವರು ಹುಡುಗರ ಶೂಗೇಜ್ (ಗಿಟಾರಿನ ದಟ್ಟ ನಾದದ ಒಂದು ಬಗೆಯ ರಾಕ್) ಬ್ಯಾಂಡೊಂದರ ಹಾಡುಗಳನ್ನು ಬಹಳ ದಿನಗಳಿಂದ ಇಯರ್‌ಫೋನಿನಲ್ಲಿ ಕೇಳುತ್ತಿದ್ದೇನೆ, ಹೆಚ್ಚಿನವು ನನಗೆ ಬಾಯಿಪಾಠ. ಇತ್ತೀಚೆಗೆ ಊರಿನ ಒಂದು ಸಭಾಭವನದಲ್ಲಿ ಅವರು ನುಡಿಸುವುದನ್ನು ಮೊದಲ ಸಲ ಎದುರಿಗೆ ನಿಂತು ಕೇಳಿದೆ. ಗೊತ್ತಿದ್ದ ಸಾಲುಗಳೂ ಕಿವಿಗೆ ಬೀಳಲಿಲ್ಲ, ಅವರು ತಲೆ ಎತ್ತಿ ನಮ್ಮನ್ನು ನೋಡಿದ್ದೂ ಕಡಿಮೆ, ಮನೆಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಆದರೂ ಮತ್ತೆ ಹೋಗುವ ಆಸೆಯಿದೆ. ದೋಷ ಬ್ಯಾಂಡಿನದೋ, ಭವನದ್ದೋ, ನನ್ನ ಕಿವಿಯದೋ?
– ಅಂಕೋಲೆಯ ಓದುಗರು

ಉತ್ತರ: ನಿಮ್ಮ ಕಿವಿಯದಂತೂ ಅಲ್ಲ. ಸಾಲುಗಳು ಕೇಳಿಸದಿರುವುದಕ್ಕೆ ಒಂದು ಕಾರಣ ಈ ಸಂಗೀತದ ಸ್ವಭಾವ, ಇನ್ನೊಂದು ಭವನದ ಗೋಡೆಗಳು; ಮೊದಲನೆಯದನ್ನು ಒಪ್ಪಿಕೊಂಡೇ ಕೇಳಬೇಕು, ಎರಡನೆಯದಕ್ಕೆ ಉಪಾಯವಿದೆ.

1980ರ ದಶಕದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ರೂಪುಗೊಂಡ ಈ ಪ್ರಕಾರದಲ್ಲಿ, ಡಬ್ಲಿನ್ ಮೂಲದ ಮೈ ಬ್ಲಡಿ ವ್ಯಾಲೆಂಟೈನ್, ರೆಡಿಂಗ್‌ನ ಸ್ಲೋಡೈವ್, ಆಕ್ಸ್‌ಫರ್ಡಿನ ರೈಡ್ ತಂಡಗಳು ಕಂಠವನ್ನು ವಾದ್ಯಗಳ ಮೇಲೆ ಕೂರಿಸದೆ ಅವುಗಳ ನಡುವೆಯೇ ಬೆರೆಸಿದವು. ಮೈ ಬ್ಲಡಿ ವ್ಯಾಲೆಂಟೈನ್‌ನ 1991ರ ‘ಲವ್‌ಲೆಸ್’ ಆಲ್ಬಮ್ಮನ್ನು ಶಾಂತವಾದ ಕೋಣೆಯಲ್ಲಿ ಕೇಳಿದರೂ ಎಷ್ಟೋ ಸಾಲುಗಳು ಸ್ಪಷ್ಟವಾಗುವುದಿಲ್ಲ. ಆ ತಂಡದ ಕೆವಿನ್ ಶೀಲ್ಡ್ಸ್ ತಂತಿಗಳ ಶ್ರುತಿಯನ್ನು ಏರಿಳಿಸುವ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಂತಿಗಳನ್ನು ಮೀಟುತ್ತಿದ್ದುದರಿಂದ ಇಡೀ ಸ್ವರಗುಚ್ಛವೇ ಶ್ರುತಿಯಿಂದ ಮೆಲ್ಲನೆ ಜಾರಿ ಮರಳುತ್ತದೆ. ಕಂಠವೂ ಆ ತೊನೆದಾಟದೊಳಗಿನ ಒಂದು ಎಳೆಯಾಗಿ ಉಳಿಯುತ್ತದೆ. ಬಡಗುತಿಟ್ಟಿನ ಯಕ್ಷಗಾನ ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ಒಗ್ಗಲು ಸ್ವಲ್ಪ ಕಾಲ ಬೇಕಾಗುವುದು ಸಹಜ. ಚಂಡೆ ಎಷ್ಟೇ ಜೋರಾಗಿ ಬಿದ್ದರೂ ಅಲ್ಲಿ ಭಾಗವತರ ಪದ ಕೇಳಿಸಲೇಬೇಕು, ಇಲ್ಲದಿದ್ದರೆ ಪ್ರಸಂಗವೇ ಕೈತಪ್ಪುತ್ತದೆ. ಶೂಗೇಜ್‌ನಲ್ಲಿ ಸಾಹಿತ್ಯವನ್ನು ಬೆನ್ನುಹತ್ತದೆ, ಒಟ್ಟು ನಾದ ಎಲ್ಲಿ ದಟ್ಟವಾಗುತ್ತದೆ, ಎಲ್ಲಿ ತೆಳುವಾಗುತ್ತದೆ ಎಂಬುದರ ಕಡೆ ಮನಸ್ಸು ಕೊಟ್ಟರೆ ಹಾಡು ತಾನಾಗಿಯೇ ಹಿಡಿತಕ್ಕೆ ಸಿಗುತ್ತದೆ.

ಅವರು ತಲೆ ಎತ್ತದಿರುವುದನ್ನು ಉದಾಸೀನವೆಂದು ತಿಳಿಯಬೇಡಿ. ಅವರ ಕಾಲ ಬಳಿ ಗಿಟಾರಿನ ಸದ್ದನ್ನು ಬದಲಿಸುವ ಪೆಡಲುಗಳ ಸಾಲೇ ಇರುತ್ತದೆ: ಒರಟಾಗಿಸುವ ಫಜ್, ಮರುದನಿ ಕೊಡುವ ಡಿಲೇ, ಅನುರಣನ ಸೇರಿಸುವ ರಿವರ್ಬ್. ಪಲ್ಲವಿ ಮುಗಿಯುವ ಕ್ಷಣಕ್ಕೆ ಸರಿಯಾಗಿ ಒಂದನ್ನು ಕಾಲಿನಿಂದ ಒತ್ತಿ ಚಾಲೂ ಮಾಡಿ ಇನ್ನೊಂದನ್ನು ಬಂದ್ ಮಾಡಬೇಕು. ಅರ್ಧ ಮಾತ್ರೆ ತಡವಾದರೂ ಆ ತಿರುವು ಕೆಡುತ್ತದೆ. ಮುಂದಿನ ಸಲ ಅವರ ಮುಖಕ್ಕಿಂತ ಕಾಲನ್ನು ಗಮನಿಸಿ. ಯಾವ ಪೆಡಲು ಒತ್ತಿದಾಗ ನಾದ ಉಬ್ಬುತ್ತದೆ ಎಂಬುದು ಕಣ್ಣಿಗೆ ಕಂಡ ಮೇಲೆ ಕಿವಿಗೂ ತಿಳಿಯತೊಡಗುತ್ತದೆ. ಎದುರಿಗೆ ನಿಂತು ಕೇಳುವುದರ ದೊಡ್ಡ ಲಾಭ ಇದೇ ಎಂದು ನಾನು ನಂಬಿದ್ದೇನೆ.

ಇನ್ನು ಭವನದ ಮಾತು. ಮದುವೆ, ಸಭೆಗಳಿಗೆಂದು ಕಟ್ಟಿದ ನಮ್ಮ ಭವನಗಳಲ್ಲಿ ನೆಲಕ್ಕೆ ಟೈಲ್ಸ್, ಮೇಲೆ ಸಿಮೆಂಟಿನ ತಾರಸಿ, ಸುತ್ತ ಬೋಳು ಗೋಡೆ. ಸದ್ದನ್ನು ಹೀರಿಕೊಳ್ಳುವ ವಸ್ತು ಒಂದೂ ಇರುವುದಿಲ್ಲ. ಚಿಕ್ಕ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಹದಕ್ಕೆ ಇಟ್ಟುಕೊಂಡ ರಿವರ್ಬ್, ತಾನೇ ಅನುರಣಿಸುವ ಭವನದಲ್ಲಿ ಅತಿಯಾಗಿ ಎಲ್ಲವೂ ಕಲಸಿಹೋಗುತ್ತದೆ. ಜನ ಸೇರುವ ಮೊದಲೇ ಹೋಗಿ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ: ಸದ್ದು ತಟ್ಟನೆ ನಿಂತರೆ ಒಳ್ಳೆಯದು, ಎಳೆದುಕೊಂಡು ಹೋದರೆ ಅಂದು ಸ್ಪಷ್ಟತೆ ಕಡಿಮೆ. ಜನ ತುಂಬಿದಷ್ಟೂ ಅವರ ಮೈ, ಬಟ್ಟೆಗಳು ಸದ್ದನ್ನು ಹೀರಿಕೊಳ್ಳುವುದರಿಂದ ಸ್ನೇಹಿತರನ್ನು ಕರೆದುಕೊಂಡು ಹೋಗುವುದು ಬ್ಯಾಂಡಿಗೂ ಉಪಕಾರ. ಗೋಡೆಗೆ ಒರಗಿ ನಿಲ್ಲಬೇಡಿ, ಅಲ್ಲಿ ಬೇಸ್ ಗಿಟಾರಿನ ತಗ್ಗುಸ್ವರಗಳು ಗುಡ್ಡೆಗೂಡುತ್ತವೆ. ಸೌಂಡ್‌ನವರು ಮಿಕ್ಸರ್ ಇಟ್ಟುಕೊಂಡು ಕೂತಿರುವ ಜಾಗದ ಮುಂದೆಯೇ ನಿಲ್ಲಿ. ಅವರು ಸರಿಹೊಂದಿಸುವುದು ತಮಗೆ ಅಲ್ಲಿ ಕೇಳಿಸಿದ್ದನ್ನು ನಂಬಿ.

ಕಿವಿಯ ಗುಂಯ್‌ಗುಡುವಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಒಳಗಿವಿಯ ಸೂಕ್ಷ್ಮ ಜೀವಕೋಶಗಳು ದಣಿದಿವೆ ಎಂಬ ಎಚ್ಚರಿಕೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಆದರೆ ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಗದ್ದಲಕ್ಕೆ ಹೆಸರಾದ ಮೈ ಬ್ಲಡಿ ವ್ಯಾಲೆಂಟೈನ್ ತಂಡವೇ 2008ರ ತನ್ನ ಕಾರ್ಯಕ್ರಮಗಳಲ್ಲಿ ಬಂದವರಿಗೆಲ್ಲ ಇಯರ್‌ಪ್ಲಗ್ ಹಂಚಿತ್ತು. ಹತ್ತಿ ತುರುಕಿದರೆ ಸಾಲದು. ಸ್ಪಂಜಿನ ಇಯರ್‌ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಸಣ್ಣದಾಗಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಸೇರಿಸಿ, ಅದು ಉಬ್ಬಿ ಕೂರುವ ತನಕ ಬೆರಳಿನಿಂದ ಒತ್ತಿ ಹಿಡಿಯಬೇಕು. ಗುಂಯ್‌ಗುಡುವುದು ಒಂದೆರಡು ದಿನಗಳಲ್ಲಿ ಇಳಿಯದಿದ್ದರೆ ಕಿವಿಯ ವೈದ್ಯರನ್ನು ಕಾಣಿ.

ಪ್ರಶ್ನೆ: ಇದೇ ಸಂಗೀತವನ್ನು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಬಯಲಿನಲ್ಲಿ ಏರ್ಪಡಿಸಿದರೆ ಚೆನ್ನಾಗಿ ಕೇಳಿಸುತ್ತದೆಯೇ?
– ಕಾರವಾರದ ಓದುಗರು

ಉತ್ತರ: ಬಹುಮಟ್ಟಿಗೆ ಹೌದು. ಬಯಲಿನಲ್ಲಿ ಗೋಡೆಗಳಿಲ್ಲದ ಕಾರಣ ನೀವು ಕೇಳುವ ಅನುರಣನವೆಲ್ಲ ಪೆಡಲುಗಳದೇ ಆಗಿರುತ್ತದೆ, ಹಾಗಾಗಿ ಅದನ್ನು ಎಷ್ಟಿಡಬೇಕೆಂಬುದು ಪೂರ್ತಿ ವಾದಕರ ಕೈಯಲ್ಲಿರುತ್ತದೆ. ತೊಡಕು ಗಾಳಿಯದು. ಸಂಜೆ ಕಡಲಿನಿಂದ ದಡದತ್ತ ಗಾಳಿ ಬೀಸುವಾಗ ವೇದಿಕೆ ಕಡಲಿಗೆ ಬೆನ್ನು ಮಾಡಿದ್ದರೆ ಸದ್ದು ಗಾಳಿಯ ಜೊತೆಗೇ ಜನರ ಕಡೆ ಬರುತ್ತದೆ. ವೇದಿಕೆ ಕಡಲಿಗೆ ಮುಖ ಮಾಡಿದ್ದರೆ ಸದ್ದು ಎದುರುಗಾಳಿಗೆ ಮೇಲಕ್ಕೆ ಬಾಗಿ, ಹಿಂದಿನ ಸಾಲುಗಳವರಿಗೆ ತಲುಪುವುದು ಕಡಿಮೆಯಾಗುತ್ತದೆ. ಉಪ್ಪುಗಾಳಿಯಿಂದ ಕೇಬಲ್ಲಿನ ತುದಿಗಳು ಕಿಲುಬು ಹಿಡಿದು ಕರಕರ ಎನ್ನುವುದುಂಟು, ಆದ್ದರಿಂದ ಕಾರ್ಯಕ್ರಮ ಮುಗಿದ ರಾತ್ರಿಯೇ ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿಡಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಹಬ್ಬದ ಸಂದರ್ಭಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಅಂಥ ಸಡಿಲಿಕೆಯನ್ನು ನೆಚ್ಚಿಕೊಳ್ಳದೆ, ಸೌಂಡ್ ಚೆಕ್ಕನ್ನು ಮಧ್ಯಾಹ್ನವೇ ಮುಗಿಸಿ 7 ಗಂಟೆಗೆ ಆರಂಭಿಸುವಂತೆ ಸಂಘಟಕರಿಗೆ ಈಗಲೇ ತಿಳಿಸಿ.